ಜ್ವಾಲಾಮುಖಿಯ ಬುಡದಲ್ಲಿ ಚಟ್ನಿಪುಡಿ ಮೇಡಂ

ಒಂಟಿಯಾಗಿರುವವರ ಮನೆಯಲ್ಲಿ ತಕರಾರೇ ಇರುವುದಿಲ್ಲ. ತಕರಾರು ತೆಗೆಯುವುದಕ್ಕೂ ಜನ ಬೇಕಲ್ಲ. ವೈಯಾಲಿಕಾವಲ್‌ನ ನನ್ನ ಪುಟ್ಟ ಮನೆಯಲ್ಲಿ ಟಿ.ವಿ. ರಿಮೋಟಿಗೆ ಜಗಳವಿಲ್ಲ, ಸ್ನಾನಕ್ಕೆ ಸರದಿಯಿಲ್ಲ. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತ, ಕೆಂಪು ಸೀಮೆಸುಣ್ಣದಲ್ಲಿ ಜ್ವಾಲಾಮುಖಿ ಬಿಡಿಸಿ ಬಿಡಿಸಿ ನಿವೃತ್ತಳಾದ ಮೇಲೆ, ನಿಜವಾದದ್ದೊಂದನ್ನು ನೋಡಬೇಕೆನ್ನಿಸಿತು. ಒಬ್ಬಳೇ ಹೋಗುವ ಧೈರ್ಯವಿಲ್ಲದೆ, ನಮ್ಮೂರಿನ ಅಡಿಗೆಯವರನ್ನೂ ಕರೆದೊಯ್ಯುವ ಪ್ಯಾಕೇಜ್ ಟೂರಿನಲ್ಲಿ ಜಾವಾ ದ್ವೀಪಕ್ಕೆ ಹೆಸರು ಕೊಟ್ಟೆ. ಹುಳಿ ಅನ್ನ ಬಿಟ್ಟು ಲಾವಾ ನೋಡುವ ಜನ ನಾವಲ್ಲ.

ಬಸ್ಸಿನಲ್ಲಿ ಎಲ್ಲರೂ ದಂಪತಿಗಳೇ. ಮುಂದಿನ ಸೀಟಿನ ಚಾಮರಾಜಪೇಟೆಯ ಜಯಮ್ಮನವರು ಹಿಂತಿರುಗಿ, "ಯಜಮಾನ್ರು ಬರ್ಲಿಲ್ವಾ ಮೇಡಂ?" ಎಂದರು. "ಇನ್ನೂ ಬಂದಿಲ್ಲ" ಎಂದೆ. ಅರವತ್ತು ದಾಟಿದ, ಮದುವೆಯಾಗದವಳ ಈ ತಮಾಷೆಗೆ ಅವರು ನಗಲಿಲ್ಲ, ಮರುಕಪಟ್ಟರು. ಮಾತು ಬೆಳೆಸಲು ನನಗೆ ತಿಳಿದಿರುವುದು ಒಂದೇ ದಾರಿ. ಚಟ್ನಿಪುಡಿ ಡಬ್ಬಿ ತೆಗೆದು ಮುಂದೆ ಚಾಚಿದೆ. ಅದು ಇಡೀ ಬಸ್ಸು ಸುತ್ತಿ ಬಂತು. ಪ್ರತಿ ಸಲ ಹೊರಡುವಾಗ ಟೂರ್ ಮ್ಯಾನೇಜರ್, "ನಿಮ್ನಿಮ್ಮ ಜೋಡಿ ಬಂದಿದಾರಾ ನೋಡ್ಕೊಳ್ಳಿ" ಎಂದು ಕೂಗುತ್ತಿದ್ದ. ಎಲ್ಲರೂ ಪಕ್ಕಕ್ಕೆ ತಿರುಗುತ್ತಿದ್ದರು. ನಾನೂ ತಿರುಗುತ್ತಿದ್ದೆ, ಅಲ್ಲಿ ನನ್ನ ಬ್ಯಾಗು ಕೂತಿರುತ್ತಿತ್ತು.

ಜ್ವಾಲಾಮುಖಿಯ ಬಾಯಲ್ಲಿ ಬರೀ ಹೊಗೆ, ಹಳದಿ ಗಂಧಕ, ದೀಪಾವಳಿಯ ಮರುದಿನದ ಬೀದಿಯ ವಾಸನೆ. ನಾನು ಬಿಡಿಸುತ್ತಿದ್ದ ಕೆಂಪು ಎಲ್ಲೂ ಇಲ್ಲ! ಇದನ್ನು ಯಾರಿಗಾದರೂ ಹೇಳೋಣವೆಂದರೆ ಎಲ್ಲರೂ ತಂತಮ್ಮವರ ಫೋಟೊ ತೆಗೆಯುತ್ತಿದ್ದರು. ಕೆಳಗಿಳಿದು ಬಂದಾಗ ಕಾಡಂಚಿನ ಮರದಲ್ಲಿ ಒಂದು ಕಪ್ಪು ಮುಸುವ, ಅದರ ಮಡಿಲಲ್ಲಿ ಕಿತ್ತಳೆ ಬಣ್ಣದ ಮರಿ. ಆ ಮರಿಯನ್ನು ತಾಯಿಯ ಕೈಯಿಂದ ಇನ್ನೊಂದು ಮುಸುವ ಇಸಿದುಕೊಂಡಿತು, ಅದರಿಂದ ಮತ್ತೊಂದು. ಎತ್ತಿಕೊಳ್ಳಲು ಎಷ್ಟು ಜನ ಎಂದು ಹೊಟ್ಟೆಕಿಚ್ಚಿನಿಂದಲೇ ನೋಡುತ್ತ ನಿಂತೆ. ತಿರುಗಿದರೆ ಬಸ್ಸು ಹೊರಟುಹೋಗಿತ್ತು. ಎಲ್ಲರ ಜೋಡಿಯೂ ಬಂದಿದ್ದರಿಂದ ಲೆಕ್ಕ ಸರಿಯಾಗಿತ್ತು. ಫೋನು ಬ್ಯಾಗಿನಲ್ಲಿ, ಬ್ಯಾಗು ಬಸ್ಸಿನಲ್ಲಿ. ನಾನಿಲ್ಲವೆಂದು ಯಾರಿಗೆ ತಾನೇ ಗೊತ್ತಾಗಬೇಕು ಎಂದುಕೊಂಡು ಅಳುವೇ ಬಂದುಬಿಟ್ಟಿತು.

ಸ್ವಲ್ಪ ಹೊತ್ತಿಗೆ ಬಸ್ಸು ಧೂಳೆಬ್ಬಿಸಿಕೊಂಡು ವಾಪಸು ಬಂತು. ಜಯಮ್ಮನವರು ಕಿಟಕಿಯಿಂದಲೇ ಕೂಗಿದರು: "ಅಯ್ಯೋ, ಇಲ್ಲೇ ಇದೀರಾ! ಮೊಸರನ್ನಕ್ಕೆ ಚಟ್ನಿಪುಡಿ ಕೇಳೋಣ ಅಂತ ತಿರುಗಿದ್ರೆ ಸೀಟೇ ಖಾಲಿ. ಎದೆ ಧಸಕ್ಕಂತು!"

"ಡಬ್ಬಿ ಬ್ಯಾಗಲ್ಲೇ ಇತ್ತಲ್ಲ, ತಗೋಬೋದಿತ್ತು" ಎಂದೆ ಬಿಗುಮಾನದಿಂದ, ಕಣ್ಣೊರೆಸಿಕೊಳ್ಳುತ್ತ.

"ನೀವಿಲ್ದೆ ಹೇಗ್ರೀ ತಗೊಳ್ಳೋದು?"

ಅವರು ಅದನ್ನು ಸುಮ್ಮನೆ ಮರ್ಯಾದೆಗೆ ಹೇಳಿದ್ದಿರಬಹುದು. ನನಗೆ ಮಾತ್ರ ಆ ಮುಸುವದ ಮರಿಯಂತೆ ನನ್ನನ್ನೂ ಯಾರೋ ಎತ್ತಿಕೊಂಡಂತಾಯಿತು. ಅಲ್ಲಿಂದ ಮುಂದೆ, ಬಸ್ಸು ಹೊರಡುವ ಮುನ್ನ "ಚಟ್ನಿಪುಡಿ ಮೇಡಂ ಬಂದ್ರಾ?" ಎಂದು ಎಲ್ಲರೂ ಕೂಗತೊಡಗಿದರು. ಅದನ್ನು ಕೇಳುವ ಆಸೆಗೆ ಒಂದೆರಡು ಕಡೆ ಬೇಕೆಂದೇ ತಡಮಾಡಿದೆ.

ಮನೆಗೆ ಬಂದು ಬೀಗ ತೆಗೆದು ಒಂದು ಕ್ಷಣ ಹೊಸ್ತಿಲಲ್ಲೇ ನಿಂತೆ. ಯಾರೂ ಕೂಗಲಿಲ್ಲ. "ಬಂದೆ" ಎಂದು ನಾನೇ ಹೇಳಿಕೊಂಡು ಒಳಗೆ ಹೋದೆ. ಮರುದಿನ ಡಬ್ಬಿ ತುಂಬಲು ಕಡಲೆಬೇಳೆ ಹುರಿಯತೊಡಗಿದವಳು, ಕೈತಪ್ಪಿ, ಒಂದು ಬಸ್ಸಿಗಾಗುವಷ್ಟು ಹುರಿದುಬಿಟ್ಟೆ. ಇಷ್ಟೊಂದು ಪುಡಿಗೆ ಜನ ಎಲ್ಲಿಂದ ತರುವುದೋ, ಈಗ ನನಗೆ ಅದೇ ಚಿಂತೆ.