ಚಪ್ಪಲಿ ಹೊರಗೆ, ಒಬ್ಬರೇ ಒಳಗೆ

ಬರೆದ ನಿಯಮ ಗೋಡೆಯ ಮೇಲೆ ಇರುವಷ್ಟು ಹೊತ್ತು ನೆಟ್ಟಗಿರುತ್ತದೆ. ಜನರ ಕೈಗೆ ಸಿಕ್ಕಿತೋ, ಬೇರೆಯೇ ಏನೋ ಆಗುತ್ತದೆ. ಕೊಳ್ಳೇಗಾಲದ ನಮ್ಮ ಇಪ್ಪತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ಇದು ವಾರಕ್ಕೆ ಎರಡು ಸಲವಾದರೂ ಆಗುವುದರಿಂದ, ಮೇಟ್ರನ್ ಆದ ನಾನು ಕುರ್ಚಿಯಲ್ಲಿ ಐದು ನಿಮಿಷ ಕೂತದ್ದೇ ಕಡಿಮೆ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಗಂಟೆ ಬಾರಿಸಿದರೆ ಇನ್ನೂರು ಹುಡುಗಿಯರು ಸದ್ದಿಲ್ಲದೆ ಸಾಲಾಗುತ್ತಿದ್ದೆವು. ಇಲ್ಲೇಕೆ ಆಗಬಾರದು? ಹೋದ ವರ್ಷ ನಮ್ಮ ಡಾಕ್ಟರು ಗುಣಮಟ್ಟದ ಸರ್ಟಿಫಿಕೇಟಿಗೆ ಅರ್ಜಿ ಹಾಕಿದಾಗ ನಾನೇ ಕೂತು ನಾಲ್ಕು ನಿಯಮ ಬರೆದು ಬೋರ್ಡು ಹಾಕಿಸಿದೆ. ತಿಂಗಳೊಳಗೆ ಇಬ್ಬರು ಪರಿಶೀಲನೆಗೆ ಬರುತ್ತಾರೆ, ಯಾವ ದಿನ ಎಂದು ಮಾತ್ರ ಹೇಳುವುದಿಲ್ಲ.

"ನಮ್ಮ ಜನಕ್ಕೆ ಇದೆಲ್ಲ ಆಗಲ್ಲ, ಸಿಸ್ಟರ್" ಎಂದರು ಡಾಕ್ಟರು.

"ಆಗದಿದ್ದರೆ ಈ ಬೋರ್ಡನ್ನು ನನ್ನ ಕೈಯಾರೆ ಇಳಿಸಿ ಅವತ್ತೇ ಮನೆಗೆ ಹೋಗುತ್ತೇನೆ" ಎಂದುಬಿಟ್ಟೆ.

ಅಂದಿನಿಂದ ರಸ್ತೆಯಲ್ಲಿ ಯಾವ ಕಾರು ನಿಂತರೂ ನಾನು ಕಿಟಕಿಗೆ ಓಡುತ್ತಿದ್ದೆ.

೧. ಚಪ್ಪಲಿ ಹೊರಗೆ

ಬೋರ್ಡು ಹಾಕಿದ ಮರುದಿನ ಬೆಳಿಗ್ಗೆ ಏಳಕ್ಕೆ ಬಂದೆ. ಬಾಗಿಲಿನಿಂದ ಗೇಟಿನವರೆಗೆ ನಲವತ್ತು ಜೊತೆ ಚಪ್ಪಲಿ ಒಂದರ ಹಿಂದೆ ಒಂದು ಹಾವಿನ ಹಾಗೆ ಸೊಟ್ಟಗೆ ಬಿದ್ದಿವೆ. ಒಬ್ಬ ಮನುಷ್ಯನೂ ಇಲ್ಲ. ನನಗೆ ಮೈ ಉರಿಯಿತು. ಆಯಾಳನ್ನು ಕರೆದು, ಎಲ್ಲವನ್ನೂ ಒರೆಸಿ ಸ್ಟ್ಯಾಂಡಿನಲ್ಲಿ ಅಳತೆಯ ಪ್ರಕಾರ ಇಡಿಸಿದೆ. ಚಿಕ್ಕವು ಮೇಲೆ, ದೊಡ್ಡವು ಕೆಳಗೆ. ನೋಡಲು ಎಷ್ಟು ಚೆನ್ನಾಗಿತ್ತು!

ಎಂಟಕ್ಕೆ ಟೀ ಅಂಗಡಿಯಿಂದ ನಲವತ್ತು ಜನ ಬಂದರು. ಸ್ಟ್ಯಾಂಡು ನೋಡಿದರು. ಆಮೇಲೆ ನಮ್ಮ ಅಂಗಳದಲ್ಲಿ ಯುದ್ಧ ಶುರುವಾಯಿತು. ಮೊದಲ ಬಸ್ಸಿಗೆ ಬಂದವರು ಚಪ್ಪಲಿಯನ್ನೇ ಸರದಿಗೆ ನಿಲ್ಲಿಸಿ ಟೀಗೆ ಹೋಗುವುದು ಇಲ್ಲಿನ ಪದ್ಧತಿಯಂತೆ. ನನಗೆ ಯಾರು ಹೇಳಿದ್ದರು? ಹನೂರಿನ ಕಡೆಯ ಮುದುಕರೊಬ್ಬರು ಸ್ಟ್ಯಾಂಡಿನ ತಳದಲ್ಲಿ ತಮ್ಮ ದೊಡ್ಡ ಮೆಟ್ಟು ಕಂಡು, ಕೈ ಮುಗಿದು ನನ್ನನ್ನು ಕೇಳಿದರು:

"ತಾಯಿ, ಕತ್ಲಲ್ಲೇ ಎದ್ದು ಬಂದು ಮೂರ್ನೇವ್ನಾಗಿದ್ದೆ. ಕಾಲು ದೊಡ್ಡದು ಅಂತ ಕಡೆಗೆ ಆಕ್ಬುಟ್ರಲ್ಲ?"

ಟೋಕನ್ ಪದ್ಧತಿ ಶುರುವಾದದ್ದು ಅವತ್ತು ಒಂಬತ್ತು ಗಂಟೆಗೆ.

೨. ಒಬ್ಬರೇ ಒಳಗೆ

ಶಾಗ್ಯ ಎಂಬ ಹಳ್ಳಿಯ ಅಜ್ಜಿಯೊಬ್ಬರಿಗೆ ಹರ್ನಿಯಾ ಆಪರೇಷನ್ ಆಗಿತ್ತು. ನೋಡಿಕೊಳ್ಳಲು ಗೂಡ್ಸ್ ಆಟೋದಲ್ಲಿ ಹನ್ನೊಂದು ಜನ ಬಂದಿದ್ದರು. ನಿಯಮದಂತೆ ನಾನು ಕೊಟ್ಟದ್ದು ಒಂದೇ ಕೆಂಪು ಪಾಸು. ಮಧ್ಯಾಹ್ನದ ಹೊತ್ತಿಗೆ ಅದು ಹನ್ನೊಂದು ಕೈ ಬದಲಾಗಿ ಉಪ್ಪಿನಕಾಯಿ ವಾಸನೆ ಹೊಡೆಯುತ್ತಿತ್ತು.

"ಇದು ಆಗುವುದಿಲ್ಲ. ಯಾರಾದರೂ ಒಬ್ಬರ ಹೆಸರು ಹೇಳಿ, ಅವರೇ ಇರಬೇಕು" ಎಂದೆ.

ಅಂಗಳದಲ್ಲಿ ಪಂಚಾಯಿತಿ ಕೂತಿತು. ದೊಡ್ಡ ಸೊಸೆ ಇರಬೇಕೋ ಚಿಕ್ಕ ಸೊಸೆಯೋ? "ನೀನಿದ್ರೆ ಅತ್ತೆಗೆ ಬಿಸ್ನೀರೂ ಸಿಕ್ಕದಿಲ್ಲ ಕಣಮ್ಮಿ" ಎಂದು ಒಬ್ಬಳು, "ನೀ ಊರಲ್ಲಿ ಕೊಟ್ಟಿದ್ದ ಬಿಸ್ನೀರ ಕಂಡಿವ್ನಿ ಬುಡು" ಎಂದು ಇನ್ನೊಬ್ಬಳು. ಗಲಾಟೆ ಮಹಡಿಯವರೆಗೆ ಕೇಳಿತು. ಸ್ವಲ್ಪ ಹೊತ್ತಿಗೆ ನೋಡಿದರೆ, ಅಜ್ಜಿಯೇ ಒಂದು ಕೈಯಲ್ಲಿ ಡ್ರಿಪ್ ಬಾಟಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹೊಟ್ಟೆ ಒತ್ತಿಕೊಂಡು ಅಂಗಳದಲ್ಲಿ ನಿಂತಿದ್ದಾರೆ! "ಮುಚ್ರೇ ಬಾಯ! ಚಿಕ್ಕೋಳೇ ಇರ್ಲಿ" ಎಂದು ತೀರ್ಪು ಕೊಟ್ಟು ಹಿಂದಿರುಗಿದರು.

ಬಾಗಿಲಲ್ಲಿ ನಮ್ಮ ವಾಚ್‌ಮನ್ ಕೋಲು ಅಡ್ಡ ಹಿಡಿದ. "ಪಾಸು?"

"ಪಾಸು ಸೊಸೆ ತಾವ ಅದೆ. ನಾನು ಪೇಷೆಂಟು ಕಣಪ್ಪ!"

"ಯಾರಾದ್ರೂ ಆಗ್ರವ್ವ. ಪಾಸಿಲ್ದೆ ಬುಟ್ರೆ ಮೇಡಮ್ಮೋರು ನನ್ನ ಬುಡದಿಲ್ಲ."

ಅಜ್ಜಿ ಬಾಟಲಿ ಹಿಡಿದೇ ಸೊಸೆಯನ್ನು ಕೂಗಿದರು. ಸೊಸೆ ಪಾಸು ತಂದು ಅತ್ತೆಯನ್ನು ಒಳಗೆ ಕಳಿಸಿ, ತಾನು ಪಾಸಿಲ್ಲದೆ ಹೊರಗೆ ಉಳಿದಳು.

೩. ಬರಿ ಹೊಟ್ಟೆಯಲ್ಲಿ

ಮೂರನೆಯ ನಿಯಮ: ಸಕ್ಕರೆ ಪರೀಕ್ಷೆಗೆ ಬೆಳಿಗ್ಗೆ ಏನೂ ತಿನ್ನದೆ ಬರಬೇಕು. ಯಳಂದೂರಿನ ಹತ್ತಿರದ ಒಬ್ಬ ತಾಯಿ ತನ್ನ ನಲವತ್ತು ದಾಟಿದ ಮಗನನ್ನು ಕರೆತಂದಿದ್ದರು. ಮಗ ತೇಗುತ್ತ ಬಂದ. ತಾಯಿ ಬೆಂಚಿಗೆ ಬಂದು ಕುಸಿದು ಕೂತರು.

"ಏನಾದರೂ ತಿಂದಿದ್ದಾನಾ?" ಎಂದೆ.

"ಬಸ್ ಸ್ಟ್ಯಾಂಡಲ್ಲಿ ನಾಕು ಇಡ್ಲಿ ತಿಂದವ್ನೆ, ಅಷ್ಟೇಯ. ಚಿಕ್ಕೋನಿಂದ್ಲೂ ಅಸ್ವು ತಡೆಯಾಕಿಲ್ಲ. ಅದ್ಕೇ ಅವ್ನ ಬದ್ಲು ನಾನು ರಾತ್ರಿಯಿಂದ ಉಪ್ವಾಸ ಇವ್ನಿ."

ನನ್ನ ಮೂವತ್ತು ವರ್ಷದ ಸರ್ವೀಸಿನಲ್ಲಿ ಇಂಥದ್ದು ಕೇಳಿರಲಿಲ್ಲ. "ಹಾಗೆಲ್ಲ ಒಬ್ಬರ ಬದಲು ಒಬ್ಬರು ಉಪವಾಸ ಮಾಡುವುದಕ್ಕೆ ಆಗುವುದಿಲ್ಲಮ್ಮ!"

ಅವರು ನನ್ನನ್ನು ಮರುಕದಿಂದ ನೋಡಿದರು.

"ಯಾಕಾಗದಿಲ್ಲ? ಇವ್ನ ಹರಕೆಗೆಲ್ಲ ನಾನೇ ಉಪ್ವಾಸ ಇದ್ದದ್ದು. ಬೆಟ್ಟದ ಮಾದಪ್ಪನೇ ಒಪ್ಕಂಡವ್ನೆ. ನಿಮ್ಮ ಮಿಷಿನ್ನು ಒಪ್ಪಾಕಿಲ್ವಾ?"

೪. ಟೋಕನ್ ನಂಬರ್ ಮೂವತ್ತೆಂಟು

ತಿಂಗಳು ಮುಗಿಯುತ್ತ ಬಂತು. ಅದೊಂದು ಸೋಮವಾರ, ಭಾರಿ ಜನ. ನಾನು ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದ್ದೆ. ಟೈ ಕಟ್ಟಿದ ದಪ್ಪನೆಯವರೊಬ್ಬರು ಬರಿಗಾಲಲ್ಲಿ, ಮೂವತ್ತೆಂಟನೆಯ ಟೋಕನ್ ಹಿಡಿದು ಬೆಂಚಿನಿಂದ ಎದ್ದು "ಮೇಡಂ, ನಾವು..." ಎಂದರು. "ನಿಮ್ಮ ನಂಬರ್ ಬಂದಾಗ ಮಾತಾಡಿ. ಬೆನ್ನು ನೆಟ್ಟಗಿಟ್ಟು ಕೂರಿ" ಎಂದು ಮೆಟ್ಟಿಲು ಹತ್ತಿದೆ. ಎರಡನೆಯ ಸಲ ಎದ್ದರು. ಎರಡನೆಯ ಸಲವೂ ಅದನ್ನೇ ಹೇಳಿದೆ.

ನಡೆದದ್ದು ಆಮೇಲೆ ತಿಳಿಯಿತು. ಪರಿಶೀಲನೆಯ ಇಬ್ಬರೂ ಬೂಟು ಹಾಕಿಕೊಂಡು ನೇರ ಒಳಗೆ ಬಂದಿದ್ದಾರೆ. ಹೊಲಿಗೆ ಬಿಚ್ಚಿಸಲು ಬಂದು ಬಾಗಿಲಲ್ಲೇ ಕೂತಿದ್ದ ಶಾಗ್ಯದ ಅಜ್ಜಿ ಬಿಟ್ಟಾರೆಯೇ?

"ಏ ಅಪ್ಪಾ, ಬೂಟು ಈಚೆ ಬುಡು. ಟೋಕನ್ ತಕೋ."

"ನಾವು ಇನ್ಸ್‌ಪೆಕ್ಷನ್‌ಗೆ ಬಂದೋರು, ಅಜ್ಜಿ."

"ಯಾತುಕ್ಕಾರ ಬನ್ನಿ. ಒಟ್ಟೆ ಕುಯ್ಸ್ಕಂಡ ನನ್ನೇ ಬುಡನಿಲ್ಲ, ನಿಮ್ಮ ಬುಟ್ಟಾರಾ? ಒಬ್ರು ಪೇಷೆಂಟು, ಒಬ್ರು ಜೊತೆಗೆ. ಪೇಷೆಂಟು ಯಾರು?"

ಅಜ್ಜಿಯೇ ತೀರ್ಮಾನಿಸಿದರು: "ಈ ದಪ್ಪನೋರೇಯ. ಮಕ ಎಂಗೆ ಕೆಂಪಾಗದೆ ನೋಡು!" ವಾಚ್‌ಮನ್ ಸಣ್ಣಗಿದ್ದವರಿಗೆ ಪಾಸು ಕೊಟ್ಟ. ನರ್ಸು ದಪ್ಪನವರ ಬಿ.ಪಿ. ನೋಡಿ ಫೈಲು ಮಾಡಿದಳು. ಎರಡು ಗಂಟೆ ಕಾದ ಮೇಲೆ ಡಾಕ್ಟರ ಮುಂದೆ ಹೋಗಿ ತಾವು ಯಾರೆಂದು ಹೇಳಿದರೆ, ಡಾಕ್ಟರು ಚೀಟಿ ನೋಡಿ, "ಅದೆಲ್ಲ ಆಮೇಲೆ. ಇಷ್ಟು ಬಿ.ಪಿ. ಇಟ್ಟುಕೊಂಡು ಓಡಾಡುತ್ತಿದ್ದೀರಾ? ಮೊದಲು ಮಲಗಿ!" ಎಂದರಂತೆ.

ಸುದ್ದಿ ಕೇಳಿ, ಇನ್ನು ಸರ್ಟಿಫಿಕೇಟು ಸಿಕ್ಕ ಹಾಗೆಯೇ ಎಂದುಕೊಂಡೆ. ಕೊಟ್ಟ ಮಾತು ಕೊಟ್ಟದ್ದೇ. ಸ್ಟೂಲು ತಂದು, ಹತ್ತಿ, ಬೋರ್ಡಿಗೆ ಕೈ ಹಾಕಿದೆ.

"ಇಳಿಸಬೇಡಿ ಮೇಡಂ" ಎಂದು ಒಳಗಿನ ಹಾಸಿಗೆಯಿಂದ ಧ್ವನಿ ಬಂತು. "ನಾವು ನೋಡಿದ ಆಸ್ಪತ್ರೆಗಳಲ್ಲಿ ನಿಯಮದಿಂದ ನಮ್ಮನ್ನೂ ಬಿಡದಿದ್ದದ್ದು ಇದೊಂದೇ."

ಸರ್ಟಿಫಿಕೇಟು ಬಂತು. ಅದು ಈಗ ನನ್ನ ಬೋರ್ಡಿನ ಪಕ್ಕದಲ್ಲೇ ಇದೆ, ಆ ದಪ್ಪನವರ ಸಹಿಯೊಂದಿಗೆ. ಅವರು ಈಗ ನಮ್ಮ ಖಾಯಂ ರೋಗಿ. ಹೋದ ವಾರ ಸಕ್ಕರೆ ಪರೀಕ್ಷೆಗೆ ಬಂದಿದ್ದರು. ಬೂಟು ಹೊರಗೆ, ಟೋಕನ್ ಕೈಯಲ್ಲಿ, ಬೆನ್ನು ನೆಟ್ಟಗೆ. ನನಗೆ ತುಂಬ ಸಂತೋಷವಾಯಿತು.

"ಬರಿ ಹೊಟ್ಟೆ ತಾನೇ?" ಎಂದೆ.

ಅವರು ತಲೆ ತಗ್ಗಿಸಿದರು.

"ನಾನು ಎರಡೇ ಇಡ್ಲಿ ತಿಂದೆ, ಮೇಡಂ. ಆದರೆ ಮನೆಯಲ್ಲಿ ನಮ್ಮ ತಾಯಿ ಏನೂ ತಿಂದಿಲ್ಲ."