ಓದುವುದಕ್ಕೆ ಮಾತ್ರ

ದಸರಾ ರಜೆಯಲ್ಲಿ ಓದಿಕೊಳ್ಳಲು ಇ-ರೀಡರ್ ಕೊಳ್ಳಲೋ ಟ್ಯಾಬ್ ಕೊಳ್ಳಲೋ ಎಂದು ವಿಜ್ಞಾನದ ಮೇಷ್ಟ್ರು ಚಲುವನಾರಾಯಣ ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟು ಕೇಳಿದ್ದೇ ತಪ್ಪಾಯಿತು. ವರ್ಷಕ್ಕೊಂದು ಪುಸ್ತಕವನ್ನೂ ಮುಟ್ಟದವರಿಗೆಲ್ಲ ಒಮ್ಮೆಲೇ ಓದಿನ ಮೇಲೆ ಅಕ್ಕರೆ ಉಕ್ಕಿತು.

“ಟ್ಯಾಬ್ ತಗಳಿ ಸಾ,” ಎಂದ ಡ್ರಿಲ್ ಮೇಷ್ಟ್ರು ಕಾಂತರಾಜು, ಬಾಯಲ್ಲಿ ವಡೆ ಇಟ್ಟುಕೊಂಡೇ. “ಆ ರೀಡರಲ್ಲಿ ಏನೈತೆ? ಬರೀ ಕಪ್ಪು-ಬಿಳುಪು. ಒಂದು ಮ್ಯಾಚ್ ನೋಡಂಗಿಲ್ಲ.”

“ನಾನು ಓದಬೇಕು ಕಣಯ್ಯ.”

“ಎಷ್ಟೊತ್ತು ಓದೀರಿ? ಹತ್ತು ನಿಮಿಷ. ಆಮ್ಯಾಕೆ?”

ಕನ್ನಡದ ನೀಲಾಂಬಿಕೆ ಮೇಡಂ ಕೂಡ ಟ್ಯಾಬಿನ ಕಡೆಯೇ. ಹಳಗನ್ನಡ ಕಾವ್ಯ ಓದಲೆಂದು ಕೊಂಡ ಅವರ ಟ್ಯಾಬಿನಲ್ಲಿ ಈವರೆಗೆ ಹದಿನೇಳು ಬಗೆಯ ರವಿಕೆ ತೋಳುಗಳ ಅಧ್ಯಯನ ಮುಗಿದಿತ್ತು.

ಚಲುವನಾರಾಯಣ ತೂಕ, ಬ್ಯಾಟರಿ, ಕಣ್ಣಿಗೆ ಹೊಡೆಯುವ ಬೆಳಕು ಎಂದು ಕೋಷ್ಟಕ ಎಳೆಯುತ್ತಿದ್ದರು. ಅಷ್ಟರಲ್ಲಿ ಮುಖ್ಯೋಪಾಧ್ಯಾಯ ಈಶ್ವರಯ್ಯನವರು ಸುತ್ತೋಲೆ ಹಿಡಿದು ಬಂದರು. ರಜೆಯಲ್ಲಿ ಮನೆಮನೆ ಸಮೀಕ್ಷೆ. ಎಲ್ಲವೂ ಆ್ಯಪಿನಲ್ಲಿ. ಟ್ಯಾಬೋ ಟಚ್ ಫೋನೋ ಇದ್ದವರಿಗೆ ತಲಾ ನೂರಿಪ್ಪತ್ತು ಮನೆ.

ನೀಲಾಂಬಿಕೆಯವರ ಟ್ಯಾಬು ಆ ಕ್ಷಣವೇ ಕೆಟ್ಟುಹೋಯಿತು. ಕಾಂತರಾಜುವಿನ ಟ್ಯಾಬನ್ನು ಮಗಳು ನಿನ್ನೆ ನೀರಿಗೆ ಹಾಕಿದ್ದಳಂತೆ.

“ನೀರಿಗೆ ಬಿದ್ದಿದ್ದು ನಿಮ್ಮ ಬ್ಯಾಗಲ್ಲಿ ಕಾಮೆಂಟ್ರಿ ಹೇಳ್ತಾ ಐತಲ್ರೀ,” ಎಂದು ಈಶ್ವರಯ್ಯ ಇಬ್ಬರ ಹೆಸರನ್ನೂ ಬರೆದುಕೊಂಡರು.

ಚಲುವನಾರಾಯಣರ ಬಳಿ ಇದ್ದದ್ದು ಕೀಪ್ಯಾಡ್ ಫೋನು. ಕೋಷ್ಟಕವನ್ನು ಹರಿದೆಸೆದು, ಅರ್ಧ ದಿನ ರಜೆ ಬರೆದಿಟ್ಟು, ಬಾಗೂರಿನಿಂದ ಚನ್ನರಾಯಪಟ್ಟಣದ ಬಸ್ಸು ಹತ್ತಿದರು.

ಅಂಗಡಿಯವನು ಮೇಲಿನ ಅಟ್ಟಣಿಗೆಯಿಂದ ಇ-ರೀಡರ್ ತೆಗೆದು ಧೂಳು ಒರೆಸಿದ. “ಇದ್ರಲ್ಲಿ ಕ್ಯಾಮೆರಾ ಇಲ್ಲ ಸಾ.”

“ಒಳ್ಳೇದು.”

“ಕಾಲ್ ಓಗಲ್ಲ.”

“ಇನ್ನೂ ಒಳ್ಳೇದು.”

“ಆ್ಯಪು-ಗೀಪು ಯಾವ್ದೂ ಕೂರಲ್ಲ.”

“ಅದೇ ಬೇಕಾಗಿರೋದು ಕಣಪ್ಪ. ಕಟ್ಟು.”

ಹಾಲು ಕೊಡದ ಹಸುವೇ ಬೇಕೆಂದು ಸಂತೆಯಲ್ಲಿ ಹಟ ಹಿಡಿದವನನ್ನು ನೋಡುವಂತೆ ಅಂಗಡಿಯವನು ನೋಡಿದ.

ನಾಲ್ಕು ಗಂಟೆಗೆ ಶಾಲೆಗೆ ಮರಳಿದ ಚಲುವನಾರಾಯಣ, ಡ್ಯೂಟಿ ಪಟ್ಟಿ ಬರೆಯುತ್ತಿದ್ದ ಈಶ್ವರಯ್ಯನವರ ಮುಂದೆ ಹೊಸ ಸಾಮಾನು ಇಟ್ಟರು. ನೂರಿಪ್ಪತ್ತು ಮನೆ ಹೊತ್ತಿದ್ದ ಇಬ್ಬರೂ ಪಕ್ಕದಲ್ಲೇ ಮುಖ ಊದಿಸಿಕೊಂಡು ನಿಂತಿದ್ದರು. ಅವರಿಗೂ ಕೇಳಲಿ ಎಂದೇ ಚಲುವನಾರಾಯಣ ದನಿ ಏರಿಸಿದರು.

“ಸಾರ್, ಇದರಲ್ಲಿ ಓದೋದೊಂದು ಬಿಟ್ಟು ಬೇರೇನೂ ಆಗಲ್ಲ.”

ಈಶ್ವರಯ್ಯ ಹಿಂದೆ ಮುಂದೆ ತಿರುಗಿಸಿ ನೋಡಿದರು. “ವಿಡಿಯೋ?”

“ಬರಲ್ಲ ಸಾರ್. ಆದರೆ ವಾರಗಟ್ಟಲೆ ಚಾರ್ಜು ಬೇಡ. ಸಾವಿರ ಪುಟ ಓದಿದರೂ ಕಣ್ಣು ನೋಯಲ್ಲ.”

“ಸಾವಿರ ಪುಟ?” ಈಶ್ವರಯ್ಯನವರ ಮುಖ ಅರಳಿತು. “ಬೆಳಿಗ್ಗೆಯಿಂದ ನಿಮ್ಮಂಥೋರನ್ನೇ ಹುಡುಕ್ತಿದ್ದೆ ಕಣ್ರೀ. ಸಮೀಕ್ಷೆ ಕೈಪಿಡಿ ನಾನೂರ ಎಂಬತ್ತು ಪುಟ ಐತೆ. ಅದನ್ನ ಪೂರ್ತಿ ಓದ್ಕೊಂಡು ಹೋಬಳಿ ಮೇಷ್ಟ್ರುಗಳಿಗೆಲ್ಲ ತರಬೇತಿ ಕೊಡೋಕೆ ಒಬ್ಬರ ಹೆಸರು ಕೇಳವ್ರೆ. ಈ ಟ್ಯಾಬ್ ಇರೋರ ಕೈಗೆ ಕೊಟ್ರೆ ಓದ್ತಾರಾ?”

ಪಟ್ಟಿ ಸಿದ್ಧವಾಯಿತು. ಮನೆ ಸುತ್ತುವವರಿಗೆ ಐದು ದಿನದ ಕೆಲಸ. ತರಬೇತಿ ಕೊಡುವವರಿಗೆ ರಜೆ ಪೂರ್ತಿ ಕೆಲಸ.

ಕೈಪಿಡಿಯನ್ನು ಇ-ರೀಡರಿಗೆ ತುಂಬಿಸಿಕೊಟ್ಟವನು ಕಾಂತರಾಜುವೇ. ಆ ದಿನವೆಲ್ಲ ಅವನು ಅಷ್ಟು ಮುತುವರ್ಜಿಯಿಂದ ಮಾಡಿದ ಕೆಲಸ ಇನ್ನೊಂದಿರಲಿಲ್ಲ.

“ನಾಳೆ ಇನ್ನೊಂದು ಆರುನೂರು ಪುಟ ಅನುಬಂಧ ಬತ್ತದಂತೆ ಸಾ,” ಎಂದ. “ಇದ್ರಲ್ಲಿ ಹಿಡಿಸ್ತದೆ ತಾನೆ?”