ಅಡಿಗೆಮನೆ ನಮ್ಮದು, ಪಡಸಾಲೆ ಬ್ಯಾಂಕಿನದು

ಪುಣೆಯ ನಮ್ಮ ಕಾಕಾನ ಮನೆಗೆ ಆ ಕಾಲದಲ್ಲಿ ನೀವು ಹೋಗಿದ್ದರೆ, ನಿಮ್ಮನ್ನು ಅಡಿಗೆಮನೆಯ ನೆಲದ ಮೇಲೆ, ಜೋಳದ ಹಿಟ್ಟಿನ ಡಬ್ಬಿಯ ಪಕ್ಕ ಕೂರಿಸುತ್ತಿದ್ದರು. ಅವಮಾನವೆಂದು ತಿಳಿಯಬೇಡಿ, ಅದು ಪರಮ ಮರ್ಯಾದೆ! ಪಡಸಾಲೆಯಲ್ಲಿ ಎರಡು ಕುರ್ಚಿಗಳಿದ್ದವು, ನಿಜ. ಆದರೆ ಪಡಸಾಲೆ ಬ್ಯಾಂಕಿನದು. ಬಂದವರನ್ನು ಬೇರೆಯವರ ಜಾಗದಲ್ಲಿ ಕೂರಿಸುವುದು ಯಾವ ಸಂಸ್ಕಾರ ಹೇಳಿ?

ವಿಷಯ ಇಷ್ಟು. ಸಿಂಹಗಡ ರಸ್ತೆಯ ಕಡೆ, ಮೂರನೆಯ ಮಹಡಿಯಲ್ಲಿ, ಒಂದೇ ಮಲಗುವ ಕೋಣೆಯ ಫ್ಲ್ಯಾಟನ್ನು ಕಾಕಾ ಸಾಲ ಮಾಡಿ ಕೊಂಡಿದ್ದರು. ತಿಂಗಳ ಕಂತು ಹೇಗೂ ಕಟ್ಟಲೇಬೇಕು. ಅದರ ಮೇಲೆ ಕೈಯಲ್ಲಿ ನಾಲ್ಕು ಕಾಸು ಕೂಡಿದರೆ ಅದನ್ನೂ ಒಯ್ದು ಬ್ಯಾಂಕಿಗೆ ಕಟ್ಟುತ್ತಿದ್ದರು, ಅಸಲು ಬೇಗ ತೀರಲಿ ಎಂದು. ಹಾಗೆ ಹೆಚ್ಚಿಗೆ ಕಟ್ಟಿದಾಗಲೆಲ್ಲ ಮನೆಯ ಒಂದೊಂದು ಭಾಗ ಬಿಡುಗಡೆಯಾಯಿತೆಂದು ಅವರ ಲೆಕ್ಕ. ಮೊದಲು ಹೊಸ್ತಿಲು ಬಿಡಿಸಿಕೊಂಡರು. ಆಮೇಲೆ ಬಚ್ಚಲು.

"ಅದು ಅರ್ಜೆಂಟ್ ನೋಡವಾ," ಎಂದರು ನನಗೆ. "ಪರರ ಜಾಗಾದಾಗ ಎಷ್ಟ ದಿನಾ ಅಂತ ಜಳಕಾ ಮಾಡೂದು?"

ಆಮೇಲೆ ಅಡಿಗೆಮನೆ. ಅದರಲ್ಲೂ ಸಿಂಕು ಒಂದು ತಿಂಗಳು ಬಾಕಿ ಉಳಿದಿತ್ತು. ಆ ತಿಂಗಳು ಪೂರ್ತಿ ಪಾತ್ರೆ ಬಚ್ಚಲಲ್ಲೇ ಬೆಳಗಿದರು ಪುಣ್ಯಾತ್ಮ.

ಇಷ್ಟು ಅವಸರ ಯಾಕೆ ಅಂದಿರಾ? ಎಲ್ಲ ನಮ್ಮ ಕಾಕುವಿನ, ಅಂದರೆ ಕಾಕಾನ ಹೆಂಡತಿಯ, ಸಲುವಾಗಿ. ಕಾಕು ಮದುವೆಗೆ ಮೊದಲಿನಿಂದಲೂ ಬಾರಾಮತಿಯ ಒಂದು ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದರು. ಕಾಕಾ ಪುಣೆಯ ಕ್ಯಾಂಪ್ ಎಂಬ ಪೇಟೆಯಲ್ಲಿ ನಲ್ಲಿ, ಪೈಪು ಮಾರುವ ಅಂಗಡಿಯೊಂದರಲ್ಲಿ ಗುಮಾಸ್ತರು. ಇಬ್ಬರ ಸಂಬಳವೂ ಸೇರದೆ ಪುಣೆಯಲ್ಲಿ ಸ್ವಂತ ಮನೆಯ ಮಾತೇ ಇಲ್ಲ. ಹೀಗಾಗಿ ಅಕ್ಷತೆ ಬಿದ್ದ ವಾರದಿಂದಲೇ ಅವರು ಅಲ್ಲಿ ಬಾಡಿಗೆಯ ಖೋಲಿಯಲ್ಲಿ, ಇವರು ಇಲ್ಲಿ. ರವಿವಾರ ಕಾಕಾ ಸ್ವಾರಗೇಟಿನಿಂದ ಬಸ್ಸು ಹಿಡಿದು ಬಾರಾಮತಿಗೆ ಹೋಗಿ ಸಂಜೆ ವಾಪಸು ಬರುವುದು, ಅಷ್ಟೇ ಸಂಸಾರ. ಹಬ್ಬಕ್ಕಾದರೂ ಬರಬಾರದೆ ಎಂದರೆ, ಎಮ್ಮೆಗಳು ಹಬ್ಬಕ್ಕೆ ರಜೆ ಹಾಕುತ್ತವೆಯೇ? ಸಾಲ ತೀರಿದ ದಿನ ಕೆಲಸ ಬಿಟ್ಟು ಬಂದುಬಿಡುತ್ತೇನೆ ಎಂದು ಕಾಕು ಒಮ್ಮೆ ಹೇಳಿದ್ದರು. ಅಂದಿನಿಂದ ಕಾಕಾನ ತಲೆ ಕೆಟ್ಟಿತು.

ಪಡಸಾಲೆಯ ಫ್ಯಾನು ಹಾಕುತ್ತಿರಲಿಲ್ಲ. ಬ್ಯಾಂಕಿನ ಖೋಲಿಗೆ ನಾವ್ಯಾಕ ಗಾಳಿ ಹಾಕಬೇಕು ಎಂಬ ವಾದ. ಕ್ಯಾಂಪಿನ ಬೇಕರಿಯಿಂದ ಒಡೆದ ಬಿಸ್ಕತ್ತು ಅಗ್ಗಕ್ಕೆ ತರುತ್ತಿದ್ದರು. ಹಲ್ಲು ಮಾಡುವ ಕೆಲಸವನ್ನು ಬೇಕರಿಯವನು ಮೊದಲೇ ಮಾಡಿಟ್ಟಿದ್ದಾನೆ ಎಂದು ಸಮರ್ಥನೆ ಬೇರೆ. ನನ್ನ ಗಂಡ ಹೊಸ ಅಳಿಯನಾಗಿ ಮೊದಲ ಸಲ ಹೋದಾಗ ಅವರನ್ನೂ ಅಡಿಗೆಮನೆಗೇ ಕರೆದೊಯ್ದು ಆ ಬಿಸ್ಕತ್ತಿನ ಚೂರುಗಳನ್ನು ಬಟ್ಟಲಲ್ಲಿ ಹಾಕಿ ಚಮಚ ಕೊಟ್ಟರು. ನಮ್ಮ ಮನೆ ಮುಟ್ಟಿದ ಮೇಲೆ ಗಂಡ, "ನಿಮ್ಮ ಕಾಕಾಗ ಡಾಕ್ಟರಿಗೆ ತೋರಿಸ್ಯಾರೇನು?" ಎಂದು ಮೆಲ್ಲಗೆ ಕೇಳಿದರು.

ಅಪಾರ್ಟ್‌ಮೆಂಟಿಗೆ ಬಣ್ಣ ಹೊಡೆಸಲು ವಂತಿಗೆ ಕೇಳಿಕೊಂಡು ಸೊಸೈಟಿಯ ಸೆಕ್ರೆಟರಿ ಬಂದಾಗ ಇನ್ನೂ ಮಜಾ. "ಕಿಚನ್ ತೇವಢ ಮಾಝ ಆಹೇ," ಎಂದರು ಕಾಕಾ ತಮ್ಮ ಮರಾಠಿಯಲ್ಲಿ. ಅಡಿಗೆಮನೆಯಷ್ಟೇ ನನ್ನದು, ಉಳಿದದ್ದಕ್ಕೆ ಬ್ಯಾಂಕನ್ನು ಕೇಳಿ ಎಂದರ್ಥ. ಆ ಸೆಕ್ರೆಟರಿಯೂ ಅಪ್ಪಟ ಪುಣೇಕರ, ಸುಮ್ಮನೆ ಬಿಡುವವರೆ? ಹಾಗಾದರೆ ಲಿಫ್ಟನ್ನು ಬ್ಯಾಂಕಿನವರೇ ಬಳಸಲಿ, ನೀವು ಮೆಟ್ಟಿಲು ಹತ್ತಿ ಎಂದು ಹೇಳಿ ಹೋದರು. ಕಾಕಾ ಸಂತೋಷದಿಂದ ಮೆಟ್ಟಿಲು ಹತ್ತಿದರು.

ನಾನಿರುವುದೂ ಪುಣೆಯಲ್ಲೇ. ಒಂದು ರವಿವಾರ ನಾನೂ ಅವರ ಜೊತೆ ಬಾರಾಮತಿಗೆ ಹೋಗಿದ್ದೆ. ಕಾಕು ಬಾಗಿಲಲ್ಲೇ, "ಏನೇನು ಬಿಡಿಸಿದ್ರಿ?" ಎಂದು ಕೇಳಿದರು, ಸಂತೆಯಿಂದ ಏನು ತಂದಿರಿ ಎಂದು ಕೇಳುವ ಹಾಗೆ.

"ಬಾಲ್ಕನಿ ಅರ್ಧಾ ಆತು."

"ಯಾವ ಅರ್ಧಾ?"

"ತುಳಸಿ ಇಡೂ ಅರ್ಧಾ."

ಕಾಕು ರೊಟ್ಟಿ ಬಡಿಯುತ್ತ ಆ ಮನೆಯ ಬಗ್ಗೆ ಕೇಳಿದ್ದೇ ಕೇಳಿದ್ದು. ಅಡಿಗೆಮನೆಯ ಕಿಟಕಿಗೆ ಮುಂಜಾನೆ ಬಿಸಿಲು ಬರುತ್ತದೆಯೇ? ಎದುರಿನ ಮನೆಯವರು ಮಾತಾಡಿಸುತ್ತಾರೆಯೇ? ತನ್ನ ಮನೆಯ ಬಗ್ಗೆ ತಾನೇ ಹೀಗೆ ಕೇಳಿ ತಿಳಿದುಕೊಳ್ಳುವ ಗೃಹಿಣಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಬಿಸಿಲಿನ ವಿಷಯ ಕಾಕಾಗೂ ಗೊತ್ತಿರಲಿಲ್ಲ. ಮರುದಿನ ಅಂಗಡಿಗೆ ತಡವಾದರೂ ಚಿಂತೆಯಿಲ್ಲವೆಂದು ಕಾದು ಕೂತು ನೋಡಿ, ಫೋನು ಮಾಡಿ ಹೇಳಿದರಂತೆ.

ಅವತ್ತು ಸಂಜೆ ಬಸ್ಸಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಬರುವಾಗ ನಾನು ಚೇಷ್ಟೆಗೆ, "ಕಾಕಾ, ಆ ಮನಿ ಇಬ್ಬರಿಗೆ ಸಾಲ್ತದೇನ್ರಿ? ಭಾಳ ಸಣ್ಣದದ," ಎಂದೆ. ಅವರು ಕಿಟಕಿಯ ಹೊರಗೆ ನೋಡುತ್ತ ಹೇಳಿದರು, "ಆಕಿ ಇಲ್ದ ಅದು ಭಾಳ ದೊಡ್ಡದಾಗೇದವಾ. ತಿರುಗ್ಯಾಡಿದ್ರೂ ಮುಗಿಯಂಗಿಲ್ಲ."

ಇನ್ನು ಅವರ ಮಹಾ ಪ್ರಮಾದದ ಕಥೆ. ಕಾಕಾ ಹೆಚ್ಚಿಗೆ ಕಟ್ಟಿದಂತೆಲ್ಲ ತಿಂಗಳ ಕಂತು ತಾನಾಗಿಯೇ ಇಳಿಯತೊಡಗಿತು. ಕಾಕಾ ಹಿಗ್ಗಿ ಹೀರೇಕಾಯಿಯಾದರು. "ಎಂಥಾ ಸಜ್ಜನರದಾರ ನೋಡವಾ ಬ್ಯಾಂಕಿನವರು! ನಾ ಕೇಳೇ ಇಲ್ಲ, ತಾವಾಗೇ ಕಡಿಮಿ ಮಾಡ್ಯಾರ." ಉಳಿದ ಹಣವನ್ನೂ ಸಾಲಕ್ಕೇ ಕಟ್ಟಿ ಎಂದೆ. ಕಾಕಾ ಕಿವಿ ಮುಚ್ಚಿಕೊಂಡರು. "ಪ್ರೀತಿಲೆ ಬಿಟ್ಟದ್ದನ್ನ ತಿರುಗಿ ಅವರ ಮುಂದ ಇಟ್ರ ಅವಮಾನ ಮಾಡಿದಂಗಲ್ಲೇನು?" ಆ ಹಣದಲ್ಲಿ ಪ್ರತಿ ತಿಂಗಳೂ ಕಾಕುವಿಗೆಂದು ಒಂದೊಂದು ಸ್ಟೀಲಿನ ಪಾತ್ರೆ ಬಂತು. ಇಡ್ಲಿ ಪಾತ್ರೆ ಎರಡು ಸಲ ಬಂತು. ಬರುವ ದೀಪಾವಳಿಗೆ ಸಾಲ ಚುಕ್ತಾ ಎಂದು ತಾವೇ ಲೆಕ್ಕ ಹಾಕಿ ಕಾಕುವಿಗೆ ಹೇಳಿಯೂಬಿಟ್ಟರು. ಕಾಕು ತಮ್ಮ ಬಾಡಿಗೆ ಖೋಲಿ ಬಿಡುತ್ತೇನೆಂದು ಮಾಲಕರಿಗೆ ತಿಳಿಸಿದರು.

ದೀಪಾವಳಿ ಹತ್ತಿರ ಬಂತು. ಸಜ್ಜನರಿಗೆ ಪೇಢೆ ಕೊಟ್ಟು ಬರೋಣ ಎಂದು ಕಾಕಾ ನನ್ನನ್ನೂ ಬ್ಯಾಂಕಿಗೆ ಕರೆದೊಯ್ದರು. ಅಲ್ಲಿನ ಅಧಿಕಾರಿ ಹೆಣ್ಣುಮಗಳು ಪೇಢೆ ತಿಂದು, ಕಂಪ್ಯೂಟರು ನೋಡಿ, ಇನ್ನೂ ಎರಡು ವರ್ಷದ ಮೇಲಿದೆಯಲ್ಲ ಎಂದರು. ಹೆಚ್ಚಿಗೆ ಕಟ್ಟುವಾಗ ಕಂತು ಇಳಿಸಬೇಕೋ ವರ್ಷ ಇಳಿಸಬೇಕೋ ಎಂದು ಪ್ರತಿ ಸಲ ಬರೆದುಕೊಡಬೇಕಂತೆ. ಬರೆಯದಿದ್ದರೆ ಕಂತು ಇಳಿಯುತ್ತದೆ, ಸಾಲ ಮುಗಿಯುವ ದಿನ ಇದ್ದಲ್ಲೇ ಇರುತ್ತದೆ. ಕಾಕಾ ಪೇಢೆಯ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದರು. ನಾನು ಅವರ ತೋಳು ಹಿಡಿದು ಹೊರಗೆ ಕರೆತಂದೆ.

ಫೋನಿನಲ್ಲಿ ಹೇಳಲು ಅವರಿಗೆ ಧೈರ್ಯ ಸಾಲಲಿಲ್ಲ. ರವಿವಾರ ನನ್ನನ್ನು ಮುಂದೆ ಮಾಡಿಕೊಂಡು ಹೊರಟರು. ಖೋಲಿಯ ಮೂಲೆಯಲ್ಲಿ ಕಾಕು ಆಗಲೇ ಎರಡು ಗಂಟು ಕಟ್ಟಿಟ್ಟಿದ್ದರು. ಕಾಕಾ ಕಬ್ಬಿನ ದರ ಮಾತಾಡಿದರು, ಬಸ್ಸಿನ ಗದ್ದಲ ಮಾತಾಡಿದರು, ನೀರು ಎರಡು ಸಲ ಕುಡಿದರು. ಕೊನೆಗೆ ನಾನೇ ಹೇಳಬೇಕಾಯಿತು.

ಕಾಕು ಒಂದು ಗಂಟು ಬಿಚ್ಚಿ ಒಳಗಿನಿಂದ ತಟ್ಟೆಗಳನ್ನು ತೆಗೆದರು. ಊಟಕ್ಕೆ ಬೇಕಿತ್ತಲ್ಲ. ಅನ್ನ ಬಡಿಸಿದರು.

"ಮುಂದ ಬರದು ಕೊಡ್ರಿ," ಎಂದರು ಆಮೇಲೆ. "ಕಂತು ಎಷ್ಟರ ಇರಲಿ. ನನಗ ವರ್ಷ ಬೇಕಾಗ್ಯಾವ."

"ತಪ್ಪಾತು," ಎಂದರು ಕಾಕಾ.

"ಉಣ್ರಿ ಈಗ. ಅನ್ನ ಆರ್ತದ." ಕಾಕುವಿನ ಕಣ್ಣು ತುಂಬಿದ್ದವು.

ಮುಂದೆ ಕಾಕಾ ಪ್ರತಿ ಸಲವೂ ಬರೆದುಕೊಟ್ಟರು. ಎರಡನೆಯ ಇಡ್ಲಿ ಪಾತ್ರೆ ನಮಗೇ ಮಾರಿದರು, ರಿಯಾಯಿತಿ ಇಲ್ಲದೆ. ಹೋದ ವರ್ಷ ಚೈತ್ರದಲ್ಲಿ, ಬ್ಯಾಂಕು ಹೇಳಿದ್ದಕ್ಕಿಂತ ವರ್ಷದಷ್ಟು ಮೊದಲೇ, ಸಾಲ ತೀರಿತು. ಶನಿವಾರ ಸಂಜೆ ಟೆಂಪೋದಲ್ಲಿ ಸಾಮಾನಿನ ಜೊತೆ ಕಾಕು ಬಂದಿಳಿದರು. ರವಿವಾರ ನಾವೆಲ್ಲ ಹೋಗಿ ಪಡಸಾಲೆಯಲ್ಲೇ ಹೋಳಿಗೆ ಉಂಡೆವು. ನನ್ನ ಗಂಡ ಕುರ್ಚಿಯಿಂದ ಏಳಲೇ ಇಲ್ಲ.

ಮರುದಿನ ಮಧ್ಯಾಹ್ನ ಕಾಕಾನ ಅಂಗಡಿಯಿಂದ ನನಗೆ ಫೋನು ಬಂತು. ಒಂದು ದಿನವೂ ಕೆಲಸ ತಪ್ಪಿಸದ ಮನುಷ್ಯ ಬಂದಿಲ್ಲ, ಫೋನೂ ಎತ್ತುತ್ತಿಲ್ಲ! ಆಫೀಸಿನಲ್ಲಿ ಹೇಳಿ ರಿಕ್ಷಾ ಹಿಡಿದು ಓಡಿದೆ. ನೋಡಿದರೆ ಕಾಕಾ ಮೂರನೆಯ ಮಹಡಿಯಲ್ಲಿ, ಮುಚ್ಚಿದ ಬಾಗಿಲ ಮುಂದೆ, ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

"ಮಲಗ್ಯಾಳ," ಎಂದರು ಪಿಸುಮಾತಿನಲ್ಲಿ. "ನಾ ಒಳಗಿದ್ರ ಏನರ ಸಪ್ಪಳ ಆಗ್ತದ."

"ಮೈಯಾಗ ಆರಾಮಿಲ್ಲೇನ್ರಿ? ಕೆಲಸಕ್ಕ ಯಾಕ ಹೋಗಿಲ್ಲ?"

"ಆರಾಮದೀನಿ." ಅವರು ಸ್ವಲ್ಪ ಸರಿದು ನನಗೆ ಜಾಗ ಮಾಡಿದರು. "ಲಗ್ನ ಆಗಿ ಇಷ್ಟ ವರ್ಷಾತು, ನಾ ಆಕಿನ್ನ ನೋಡಿದ್ದೆಲ್ಲಾ ರವಿವಾರನ. ಸೋಮವಾರ ಹೆಂಗಿರ್ತಾಳ ಅಂತ ಒಂದಿನಾ ನೋಡಬೇಕಾಗಿತ್ತು."

ಪಕ್ಕದಲ್ಲಿ ಕೂತು ಕೇಳಿದೆ, "ಹೆಂಗದಾರ ಮತ್ತ?"

ಕಾಕಾ ಬಾಗಿಲ ಕಡೆ ತಿರುಗಿದರು.

"ತಲಿಗೂದಲ ಬೆಳ್ಳಗಾಗ್ಯಾವವಾ," ಎಂದರು. "ರವಿವಾರ ನನಗ ಕಂಡಿದ್ದಿಲ್ಲ."